ಎಲೆಗೆ ಬೆಳಕು, ಹೂವಿಗೆ ಕತ್ತಲು

(ಹೊಸಹಳ್ಳಿಯಲ್ಲಿ ನಡೆದ ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳು ಮತ್ತು ಪಾಲಕರ ಮುಂದೆ ಮಾಡಿದ ಭಾಷಣದ ಬರಹರೂಪ)



ಪ್ರತಿ ವರ್ಷ ಈ ವೇದಿಕೆಯಲ್ಲಿ ಶಿಕ್ಷಣದ ಮಹತ್ವ, ಪರೀಕ್ಷೆಯ ತಯಾರಿ, ಉದ್ಯೋಗದ ಅವಕಾಶಗಳು ಮುಂತಾದ ವಿಷಯಗಳ ಮೇಲೆ ಭಾಷಣಗಳು ನಡೆಯುತ್ತವೆ. ಈ ಬಾರಿ ನನಗೆ ಮಾತನಾಡಲು ಹೇಳಿದಾಗ ನಾನು ಹಸಿರುಮನೆಯಲ್ಲಿ ಬೆಳೆಯುವ ಹೂವಿನ ಗಿಡಕ್ಕೆ ರಾತ್ರಿ ಹೊತ್ತು ಹಚ್ಚುವ ದೀಪದ ಬಗ್ಗೆ ಮಾತನಾಡುತ್ತೇನೆ ಎಂದೆ. ಕಾರ್ಯದರ್ಶಿಗಳು ನಕ್ಕರು. ಉರ್ದು ಮತ್ತು ಕನ್ನಡ ಪಾಠ ಮಾಡುವವರಿಗೆ ಹೂವಿನ ತೋಟ ಏಕೆ ಎಂದು ಕೇಳಿದರು. ಅವರ ಪ್ರಶ್ನೆ ಸರಿಯಾಗಿಯೇ ಇದೆ. ಅದಕ್ಕೆ ಉತ್ತರವನ್ನು ಈ ಮಾತಿನ ಕೊನೆಗೆ ನೀವೇ ಕೊಡುತ್ತೀರಿ ಎಂದು ನಂಬಿದ್ದೇನೆ.

ಮೊದಲು ಒಂದು ಸಣ್ಣ ಪ್ರಶ್ನೆಯಿಂದ ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ಒಬ್ಬ ಹುಡುಗಿ ನನ್ನನ್ನು ಕೇಳಿದಳು: "ಟೀಚರ್, ನಮ್ಮ ಮನೆಯಲ್ಲಿ ಎರಡು ಸೇವಂತಿಗೆ ಕುಂಡಗಳಿವೆ. ಒಂದೇ ಗಿಡದ ಕಡ್ಡಿ, ಒಂದೇ ಮಣ್ಣು, ಒಂದೇ ನೀರು. ಹಿತ್ತಲಿನ ಕುಂಡ ತುಂಬ ಹೂ ಬಿಟ್ಟಿದೆ. ಬಾಗಿಲಲ್ಲಿ ಇಟ್ಟದ್ದು ಬರೀ ಎಲೆ ಬಿಡುತ್ತಿದೆ. ಅಜ್ಜಿ ಯಾರದೋ ಕಣ್ಣು ಬಿದ್ದಿದೆ ಅನ್ನುತ್ತಾಳೆ. ನಿಜವೇ?"

ನಾನು ಅವಳನ್ನು ತಿರುಗಿ ಕೇಳಿದೆ: "ಬಾಗಿಲಲ್ಲಿ ರಾತ್ರಿ ದೀಪ ಉರಿಯುತ್ತದೆಯೇ?" ಅವಳು, "ಹೌದು, ಬೀದಿ ದೀಪ ನಮ್ಮ ಬಾಗಿಲ ಮುಂದೆಯೇ ಇದೆ" ಎಂದಳು. ಕಣ್ಣು ಬಿದ್ದದ್ದು ಯಾರದೂ ಅಲ್ಲ, ಬೀದಿ ದೀಪದ್ದು!

ಆ ಉತ್ತರ ಅಂದು ನನಗೆ ತಕ್ಷಣ ಹೊಳೆಯಿತು. ಆದರೆ ಅದನ್ನು ನಾನು ಕಲಿಯಲು ನಮ್ಮ ಮನೆ ದೊಡ್ಡ ಬೆಲೆ ತೆತ್ತಿತ್ತು. ಆ ಕತೆಯನ್ನೇ ಇಂದು ಹೇಳಬೇಕೆಂದಿದ್ದೇನೆ.

ನನ್ನ ತಮ್ಮ ಪಿಯುಸಿ ಮುಗಿಸಿ ಬೇಸಾಯಕ್ಕೆ ಇಳಿದವನು. ನಮ್ಮ ಕಡೆಯದು ಬಯಲುಸೀಮೆ; ಮಳೆಯ ನಂಬಿಕೆ ಕಡಿಮೆ. ಜೋಳ, ಶೇಂಗಾ ಬಿಟ್ಟು ಬೇರೆ ಏನಾದರೂ ಮಾಡಬೇಕೆಂಬ ಹಟ ಅವನಿಗೆ. ಸಾಲ ಮಾಡಿ 10 ಗುಂಟೆಯಲ್ಲಿ ಹಸಿರುಮನೆ ಕಟ್ಟಿಸಿದ. ಹಸಿರುಮನೆ ಎಂದರೆ ನಿಮಗೆ ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರಲ್ಲಿ ಶಂಕುಸ್ಥಾಪನೆಯಾದ ಗಾಜಿನ ಮನೆ ನೆನಪಾಗಬಹುದು. ಇಂದಿನ ರೈತರದು ಗಾಜಿನದಲ್ಲ. ಕಬ್ಬಿಣದ ಕೊಳವೆಗಳ ಮೇಲೆ 200 ಮೈಕ್ರಾನ್ ದಪ್ಪದ ಪಾಲಿಥಿನ್ ಹಾಳೆ ಹೊದಿಸಿದ ಮನೆ. ಗಾಳಿ, ಮಳೆ, ಹುಳಗಳ ಕಾಟ ಕಡಿಮೆ. 2016ರ ಅಕ್ಟೋಬರಿನಲ್ಲಿ ಅದರಲ್ಲಿ ಕತ್ತರಿಸಿ ಮಾರುವ ಜಾತಿಯ ಸೇವಂತಿಗೆ ಸಸಿ ನೆಟ್ಟ. ನಮ್ಮ ಉರ್ದುವಿನಲ್ಲಿ ಇದಕ್ಕೆ ಗುಲ್-ಏ-ದಾವೂದಿ ಎಂಬ ಸುಂದರವಾದ ಹೆಸರಿದೆ.

ಸಸಿಗಳು ಚೆನ್ನಾಗಿಯೇ ಹತ್ತಿದವು. ಆದರೆ ನವೆಂಬರ್ ಮುಗಿಯುವ ಹೊತ್ತಿಗೆ ಗೇಣುದ್ದ ಗಿಡದ ನೆತ್ತಿಯಲ್ಲಿ ಮೊಗ್ಗು ಕಾಣಿಸಿತು. ಗಿಡಕ್ಕೆ ಬೆರಳೆಣಿಕೆಯ ಎಲೆಗಳು, ಅದರ ಮೇಲೆ ಮೊಗ್ಗು! ಆಮೇಲೆ ಗಿಡ ಹೆಚ್ಚು ಎತ್ತರಕ್ಕೆ ಹೋಗಲಿಲ್ಲ. ಮಾರುಕಟ್ಟೆಯವರು ಎರಡಡಿಯಷ್ಟಾದರೂ ಉದ್ದದ ದಂಟು ಕೇಳುತ್ತಾರೆ. ನಮ್ಮದನ್ನು ಯಾರೂ ಮುಟ್ಟಲಿಲ್ಲ. ಸಸಿ ಕೆಟ್ಟದ್ದು ಎಂದು ಕೆಲವರು, ಗೊಬ್ಬರ ಸಾಲದು ಎಂದು ಕೆಲವರು, ಹೊಸಹಳ್ಳಿಯ ನೀರೇ ಹೂವಿಗೆ ಆಗದು ಎಂದು ಇನ್ನು ಕೆಲವರು ಹೇಳಿದರು. 2017ರ ಜೂನಿನಲ್ಲಿ ನಮ್ಮ ಕೊನೆಯ ತಂಗಿ ಡಿಗ್ರಿಗೆ ಸೇರಬೇಕಿತ್ತು. ಅದಕ್ಕೆಂದು ಇಟ್ಟ ಹಣ ಸಾಲದ ಕಂತಿಗೆ ಹೋಯಿತು. ಅವಳು ಮನೆಯಲ್ಲಿ ಉಳಿದಳು.

ಎರಡನೆಯ ಬಾರಿ ಯಾರೋ ಹೇಳಿದರು, ಗಿಡಕ್ಕೆ ರಾತ್ರಿ ದೀಪ ಹಾಕಬೇಕು ಎಂದು. ಎಷ್ಟು, ಯಾವಾಗ, ಎಲ್ಲಿಯವರೆಗೆ ಎಂಬುದನ್ನು ಹೇಳಲಿಲ್ಲ. ತಮ್ಮ 2017ರ ಅಕ್ಟೋಬರಿನಲ್ಲಿ ಮತ್ತೆ ನೆಟ್ಟು, 100 ವ್ಯಾಟಿನ ಹಳೆಯ ಕಾಲದ ಬಲ್ಬುಗಳನ್ನು ಸಾಲಾಗಿ ತೂಗುಹಾಕಿದ. ಸಂಜೆಯಿಂದ ಬೆಳಗಿನವರೆಗೆ ಉರಿಸಿದ. ಗಿಡಗಳು ಬೆಳೆದವು, ಬೆಳೆಯುತ್ತಲೇ ಹೋದವು. ಸೊಂಟದೆತ್ತರ ಬಂದವು. ದಂಟು ಸಪೂರ, ಗೆಣ್ಣಿನಿಂದ ಗೆಣ್ಣಿಗೆ ದೂರ, ಕೆಳಗಿನ ಎಲೆಗಳು ಹಳದಿ. ಒಂದು ಮೊಗ್ಗೂ ಇಲ್ಲ. ದೀಪ ಆರಿಸಿದರೆ ಹೋದ ವರ್ಷದಂತೆ ಆಗುತ್ತದೆಂಬ ಭಯದಿಂದ ಅವನು ಫೆಬ್ರವರಿ ಬರುವವರೆಗೂ ಆರಿಸಲಿಲ್ಲ. ಯುಗಾದಿಯ ಮಾರುಕಟ್ಟೆ ಕೈತಪ್ಪಿತು. ಹಬ್ಬ ಮುಗಿದು ತಿಂಗಳಾದ ಮೇಲೆ, ಬಿಸಿಲಿನಲ್ಲಿ, ಹೂ ಅರಳಿದವು. ಕೊಳ್ಳುವವರಿರಲಿಲ್ಲ. ಕರೆಂಟ್ ಬಿಲ್ಲು ಮಾತ್ರ ಸರಿಯಾದ ಸಮಯಕ್ಕೆ ಬಂತು.

ಮೊದಲನೆಯ ವರ್ಷ ಎಲೆ ಸಾಲದೆ ನಷ್ಟ, ಎರಡನೆಯ ವರ್ಷ ಎಲೆ ಹೆಚ್ಚಾಗಿ ನಷ್ಟ. ಎರಡಕ್ಕೂ ಕಾರಣ ಒಂದೇ, ದೀಪ. ಇದನ್ನು ಅರ್ಥ ಮಾಡಿಕೊಳ್ಳಲು ಸ್ವಲ್ಪ ವಿಜ್ಞಾನದೊಳಗೆ ಹೋಗೋಣ. ಭಯಪಡಬೇಡಿ, ನಾನೂ ಭಾಷೆಯ ಶಿಕ್ಷಕಿಯೇ.

ಬೆಳಕು ಗಿಡಕ್ಕೆ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಒಂದು, ಬೆಳಕು ಆಹಾರ. ಎಲೆಯಲ್ಲಿರುವ ಪತ್ರಹರಿತ್ತು ಸೂರ್ಯನ ಬೆಳಕನ್ನು ಹಿಡಿದು, ಗಾಳಿಯ ಇಂಗಾಲದ ಡೈ ಆಕ್ಸೈಡ್ ಮತ್ತು ಬೇರಿನ ನೀರಿನಿಂದ ಸಕ್ಕರೆ ತಯಾರಿಸುತ್ತದೆ. ದ್ಯುತಿಸಂಶ್ಲೇಷಣೆ ಎಂದು ನೀವು ಓದಿದ್ದೀರಿ. ಇದಕ್ಕೆ ಬಹಳ ಬೆಳಕು ಬೇಕು. ನಮ್ಮ ಕಡೆಯ ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಲಕ್ಸ್ ಎಂಬುದು ಬೆಳಕನ್ನು ಅಳೆಯುವ ಮಾನ.

ಎರಡು, ಬೆಳಕು ಸುದ್ದಿ. ಈಗ ಯಾವ ಋತು, ರಾತ್ರಿ ಎಷ್ಟು ಉದ್ದ, ಪಕ್ಕದಲ್ಲಿ ಬೇರೆ ಗಿಡದ ನೆರಳಿದೆಯೇ ಎಂಬ ಸುದ್ದಿಯನ್ನು ಗಿಡ ಬೆಳಕಿನಿಂದಲೇ ತಿಳಿಯುತ್ತದೆ. ಸುದ್ದಿಗೆ ಹೆಚ್ಚು ಬೆಳಕು ಬೇಡ. ನಾವು ಪತ್ರಿಕೆ ಓದಲು ಬೇಕಾದಷ್ಟು ಬೆಳಕೂ ಬೇಡ. ನೂರರ ಆಸುಪಾಸಿನ ಲಕ್ಸ್ ಸಾಕು. ಮಧ್ಯಾಹ್ನದ ಬಿಸಿಲಿನ ಸಾವಿರದ ಒಂದು ಪಾಲು! ಅಷ್ಟು ಮಂದ ಬೆಳಕಿನಲ್ಲಿ ಎಲೆ ತಯಾರಿಸುವ ಆಹಾರ ಅದರ ಸ್ವಂತ ಉಸಿರಾಟದ ಖರ್ಚಿಗೂ ಸಾಲದು. ಆದರೂ ಆ ದೀಪ ಇಡೀ ತೋಟ ಹೂ ಬಿಡಬೇಕೋ ಎಲೆ ಬಿಡಬೇಕೋ ಎಂಬುದನ್ನು ತೀರ್ಮಾನಿಸುತ್ತದೆ.

ತಮ್ಮ ಎರಡನೆಯ ವರ್ಷ ಮಾಡಿದ ತಪ್ಪು ಇದೇ. ಅವನು ದೀಪವನ್ನು ಗೊಬ್ಬರ ಎಂದು ತಿಳಿದ. ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂದು ತಿಳಿದ. ಆದರೆ ಅದು ಗೊಬ್ಬರವಲ್ಲ, ಶಾಲೆಯ ಗಂಟೆ. ಸರಿಯಾದ ಸಮಯಕ್ಕೆ ಸ್ವಲ್ಪ ಹೊಡೆದರೆ ಸಾಕು. ದಿನವಿಡೀ ಹೊಡೆಯುತ್ತಿದ್ದರೆ ಮಕ್ಕಳು ಮನೆಗೆ ಹೋಗುವುದು ಯಾವಾಗ?

ಗಿಡಗಳು ಹಗಲು ರಾತ್ರಿಯ ಉದ್ದವನ್ನು ನೋಡಿ ಹೂ ಬಿಡುತ್ತವೆ ಎಂಬುದನ್ನು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು 1920ರಲ್ಲಿ ಪ್ರಕಟಿಸಿದರು. ಬೇಸಿಗೆಯಲ್ಲಿ ಎಷ್ಟು ಎತ್ತರ ಬೆಳೆದರೂ ಹೂ ಬಿಡದ ಒಂದು ಹೊಗೆಸೊಪ್ಪಿನ ತಳಿ ಅವರ ತಲೆ ಕೆಡಿಸಿತ್ತು. ಅದನ್ನು ಹಗಲಿನಲ್ಲಿ ಕೆಲವು ಗಂಟೆ ಕತ್ತಲೆ ಕೋಣೆಯಲ್ಲಿಟ್ಟಾಗ ಹೂ ಬಿಟ್ಟಿತು. ಹಗಲು ಕಡಿಮೆ ಇದ್ದಾಗ ಹೂ ಬಿಡುವ ಇಂತಹ ಗಿಡಗಳಿಗೆ ಹ್ರಸ್ವ ದಿನದ ಸಸ್ಯಗಳು ಎಂದು ಹೆಸರಾಯಿತು. ಸೇವಂತಿಗೆ ಈ ಗುಂಪಿನದು.

1938ರಲ್ಲಿ ಹ್ಯಾಮ್ನರ್ ಮತ್ತು ಬೊನ್ನರ್ ಎಂಬವರು ಇನ್ನೊಂದು ಸೋಜಿಗ ತೋರಿಸಿದರು. ನಮ್ಮ ಕುರಿಗಳ ಉಣ್ಣೆಗೆ ಅಂಟಿಕೊಳ್ಳುವ ಮುಳ್ಳುಕಾಯಿಯ ಕಳೆಗಿಡ ನಿಮಗೆ ಗೊತ್ತು. ಜಾಂಥಿಯಮ್ ಎಂಬ ಆ ಗಿಡದ ಮೇಲೆ ಅವರು ಪ್ರಯೋಗ ಮಾಡಿದರು. ಹಗಲಿನ ನಡುವೆ ಸ್ವಲ್ಪ ಹೊತ್ತು ಕತ್ತಲು ಮಾಡಿದರೆ ಏನೂ ಆಗಲಿಲ್ಲ. ಉದ್ದ ರಾತ್ರಿಯ ನಡುವೆ ಸ್ವಲ್ಪ ಹೊತ್ತು ಬೆಳಕು ಕೊಟ್ಟರೆ ಗಿಡ ಹೂ ಬಿಡಲೇ ಇಲ್ಲ. ಅಂದರೆ ಗಿಡ ಅಳೆಯುವುದು ಮುಖ್ಯವಾಗಿ ಹಗಲನ್ನಲ್ಲ, ಒಂದೇ ಸಮನೆ ಹರಿಯುವ ಕತ್ತಲೆಯನ್ನು. ರಾತ್ರಿಯನ್ನು ನಡುವೆ ಕತ್ತರಿಸಿದರೆ ಗಿಡ ಅದನ್ನು ಎರಡು ಸಣ್ಣ ರಾತ್ರಿಗಳೆಂದು ಲೆಕ್ಕ ಹಾಕುತ್ತದೆ.

ಅಳೆಯುವುದು ಗಿಡದ ಯಾವ ಭಾಗ? ಹೂ ಬರುವುದು ನೆತ್ತಿಯಲ್ಲಿ, ಆದ್ದರಿಂದ ನೆತ್ತಿಯೇ ಅಳೆಯುತ್ತದೆ ಎಂದು ನಾವು ತಿಳಿಯಬಹುದು. ಹಾಗಲ್ಲ. ಅಳೆಯುವುದು ಎಲೆ. ಇದನ್ನು 1930ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಮಿಖಾಯಿಲ್ ಚೈಲಖ್ಯಾನ್ ಎಂಬ ವಿಜ್ಞಾನಿ ತೋರಿಸಿದರು. ಅವರು ಆರಿಸಿಕೊಂಡ ಗಿಡ ಸೇವಂತಿಗೆಯೇ. ಗಿಡದ ಮೇಲ್ಭಾಗದ ಎಲೆಗಳನ್ನು ಕಿತ್ತು, ಕೆಳಗಿನ ಎಲೆಗಳಿಗೆ ಮಾತ್ರ ಉದ್ದ ರಾತ್ರಿ ಕೊಟ್ಟಾಗ, ನೆತ್ತಿ ಬೆಳಕಿನಲ್ಲಿದ್ದರೂ ಹೂ ಬಂತು. ಎಲೆಗಳನ್ನು ಬೆಳಕಿನಲ್ಲಿಟ್ಟು ನೆತ್ತಿಗೆ ಮಾತ್ರ ಕತ್ತಲು ಕೊಟ್ಟಾಗ ಬರಲಿಲ್ಲ. ಎಲೆಯಿಂದ ನೆತ್ತಿಗೆ ಏನೋ ಒಂದು ಸಂದೇಶ ಹೋಗುತ್ತದೆ ಎಂದು ಅವರು ಹೇಳಿದರು, ಅದಕ್ಕೆ ಫ್ಲಾರಿಜೆನ್ ಎಂದು ಹೆಸರಿಟ್ಟರು. ಆ ಸಂದೇಶ ಒಂದು ಪ್ರೋಟೀನ್ ಎಂಬುದು ಖಚಿತವಾಗಲು 2007ರವರೆಗೆ ಕಾಯಬೇಕಾಯಿತು. 2013ರಲ್ಲಿ ಜಪಾನಿನ ವಿಜ್ಞಾನಿಗಳು ಕಾಡು ಸೇವಂತಿಗೆಯಲ್ಲಿ ಇದಕ್ಕೆ ವಿರುದ್ಧವಾದ ಇನ್ನೊಂದು ಪ್ರೋಟೀನನ್ನು ಗುರುತಿಸಿದರು. ರಾತ್ರಿಯ ನಡುವೆ ಬೆಳಕು ಬಿದ್ದರೆ ಎಲೆ ಈ ಪ್ರೋಟೀನನ್ನು ತಯಾರಿಸಿ ನೆತ್ತಿಗೆ ಕಳಿಸುತ್ತದೆ. "ಈಗಲೇ ಹೂ ಬೇಡ, ಇನ್ನೂ ಎಲೆ ಬಿಡು" ಎಂಬುದು ಅದರ ಸಂದೇಶ.

ಎಲೆಗೆ ಕಣ್ಣಿಲ್ಲ, ಬೆಳಕು ಬಿದ್ದದ್ದು ಹೇಗೆ ತಿಳಿಯುತ್ತದೆ? ಎಲೆಯಲ್ಲಿ ಫೈಟೋಕ್ರೋಮ್ ಎಂಬ ವರ್ಣದ್ರವ್ಯವಿದೆ. ಇದನ್ನು 1950ರ ದಶಕದಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಅವರ ಸಂಗಡಿಗರು ಕಂಡುಹಿಡಿದರು. ಇದು ಸ್ವಿಚ್ಚಿನಂತೆ. ಕೆಂಪು ಬೆಳಕು ಬಿದ್ದರೆ ಒಂದು ಕಡೆಗೆ ತಿರುಗುತ್ತದೆ, ನಮ್ಮ ಕಣ್ಣಿಗೆ ಕಾಣುವುದೇ ಕಷ್ಟವಾದ ದೂರಗೆಂಪು ಬೆಳಕು ಬಿದ್ದರೆ ಹಿಂದಕ್ಕೆ ತಿರುಗುತ್ತದೆ. ಕತ್ತಲಲ್ಲೂ ಮೆಲ್ಲಗೆ ಹಿಂದಕ್ಕೆ ಬರುತ್ತದೆ. ಎಲೆಯೊಳಗಿನ ಗಡಿಯಾರದ ಜೊತೆ ಸೇರಿ ಇದು ರಾತ್ರಿಯ ಉದ್ದವನ್ನು ಅಳೆಯುತ್ತದೆ.

ನಮ್ಮ ಹಳೆಯ ಬಲ್ಬುಗಳಲ್ಲಿ ದೂರಗೆಂಪು ಬೆಳಕು ಬಹಳ. ಮರದ ನೆರಳಿನಲ್ಲಿಯೂ ದೂರಗೆಂಪು ಹೆಚ್ಚು, ಏಕೆಂದರೆ ಮೇಲಿನ ಎಲೆಗಳು ಕೆಂಪನ್ನು ಹೀರಿಕೊಂಡು ದೂರಗೆಂಪನ್ನು ಕೆಳಕ್ಕೆ ಬಿಡುತ್ತವೆ. ಆದ್ದರಿಂದ ದೂರಗೆಂಪು ಹೆಚ್ಚಾದರೆ ಗಿಡ ತಾನು ನೆರಳಿನಲ್ಲಿದ್ದೇನೆ ಎಂದು ತಿಳಿದು ಉದ್ದುದ್ದ ಬೆಳೆಯುತ್ತದೆ. ತಮ್ಮನ ಗಿಡಗಳ ಸಪೂರ ದಂಟಿಗೆ ಇದೂ ಒಂದು ಕಾರಣ. ನೀಲಿ ಬೆಳಕು ಇದಕ್ಕೆ ವಿರುದ್ಧ; ಗಿಡವನ್ನು ಗಿಡ್ಡವಾಗಿ, ಒತ್ತಾಗಿ ಇಡುತ್ತದೆ. ಎಲೆಯ ದಪ್ಪವೂ ಬೆಳಕಿನ ಮೇಲೆ ನಿಂತಿದೆ. ಒಳ್ಳೆಯ ಬಿಸಿಲಿನಲ್ಲಿ ಬೆಳೆದ ಎಲೆ ದಪ್ಪ, ನೆರಳಿನಲ್ಲಿ ಬೆಳೆದದ್ದು ತೆಳು ಮತ್ತು ಅಗಲ. ನೆರಳಿನ ಎಲೆ ಸಿಕ್ಕಷ್ಟು ಬೆಳಕನ್ನು ಹಿಡಿಯಲು ಕೈ ಚಾಚಿದಂತೆ ಅಗಲವಾಗುತ್ತದೆ.

ಈಗ ನಮ್ಮ ಊರಿಗೆ ಬರೋಣ. ಹಸಿರುಮನೆಯ ಸೇವಂತಿಗೆ ತಳಿಗಳಲ್ಲಿ ಬಹಳಷ್ಟು, ಹಗಲು ಸುಮಾರು ಹದಿಮೂರೂವರೆ ಗಂಟೆಗಿಂತ ಕಡಿಮೆ ಇದ್ದರೆ ಮೊಗ್ಗಿಗೆ ತಿರುಗುತ್ತವೆ. ತಳಿಯಿಂದ ತಳಿಗೆ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ. ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳೆಲ್ಲ ಸಮಭಾಜಕದಿಂದ ಉತ್ತರಕ್ಕೆ ಸುಮಾರು 15 ಡಿಗ್ರಿಯಲ್ಲಿವೆ. ಇಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೇ ಸುಮಾರು 13 ಗಂಟೆ. ಡಿಸೆಂಬರಿನ ಅತಿ ಸಣ್ಣ ಹಗಲು ಸುಮಾರು ಹನ್ನೊಂದೂಕಾಲು ಗಂಟೆ. ಅಕ್ಟೋಬರಿನಲ್ಲಿ ನೆಟ್ಟ ಸಸಿ ಕಣ್ಣು ಬಿಡುವುದೇ ಉದ್ದ ರಾತ್ರಿಯೊಳಗೆ. ಅದಕ್ಕೆ "ಹೂ ಬಿಡು" ಎಂಬ ಸುದ್ದಿ ಮೊದಲ ದಿನವೇ ಸಿಗುತ್ತದೆ. ಆದ್ದರಿಂದಲೇ ಗೇಣುದ್ದ ಗಿಡದ ಮೇಲೆ ಮೊಗ್ಗು. ಸಸಿಯೂ ಕೆಟ್ಟಿರಲಿಲ್ಲ, ಹೊಸಹಳ್ಳಿಯ ನೀರೂ ಕೆಟ್ಟಿರಲಿಲ್ಲ.

ಒಮ್ಮೆ ನೆತ್ತಿ ಮೊಗ್ಗಾಯಿತೆಂದರೆ ಆ ದಂಟಿನಲ್ಲಿ ಹೊಸ ಎಲೆ ಹುಟ್ಟುವುದಿಲ್ಲ. ಅಲ್ಲಿಯವರೆಗೆ ಎಷ್ಟು ಎಲೆ ಬಂದಿವೆಯೋ ಅಷ್ಟೇ ಅದರ ಆಸ್ತಿ. ಹೂವಿನ ಗಾತ್ರಕ್ಕೆ, ಬಣ್ಣಕ್ಕೆ, ದಂಟಿನ ಬಲಕ್ಕೆ ಬೇಕಾದ ಆಹಾರವನ್ನೆಲ್ಲ ಆ ಎಲೆಗಳೇ ದುಡಿದು ಕೊಡಬೇಕು. ರಾತ್ರಿಯ ದೀಪದ ಕೆಲಸ ಇಷ್ಟೇ: ದುಡಿಯುವ ಎಲೆಗಳು ಸಾಕಷ್ಟು ಆಗುವವರೆಗೆ ಹೂವನ್ನು ತಡೆದು ಹಿಡಿಯುವುದು.

ಮೂರನೆಯ ಬಾರಿ ನೆಡುವ ಮೊದಲು ತಮ್ಮ ಚಿಕ್ಕಬಳ್ಳಾಪುರದ ಕಡೆಗೆ ಹೋಗಿ ಬಂದ. ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಆಚೀಚೆ ರಾತ್ರಿ ಪ್ರಯಾಣ ಮಾಡಿದವರು ನೋಡಿರಬಹುದು, ಸೇವಂತಿಗೆ ಹೊಲಗಳ ಮೇಲೆ ಸಾಲು ಸಾಲು ಬಲ್ಬುಗಳು ಮದುವೆ ಮನೆಯಂತೆ ಉರಿಯುತ್ತಿರುತ್ತವೆ. ಜಪಾನಿನ ಐಚಿ ಪ್ರಾಂತದಲ್ಲಿ, ಓಕಿನಾವಾ ದ್ವೀಪದಲ್ಲಿ ಕೂಡ ಹೀಗೆಯೇ ದೀಪ ಹಚ್ಚಿ ಸೇವಂತಿಗೆ ಬೆಳೆಯುತ್ತಾರೆ. ಚಿಕ್ಕಬಳ್ಳಾಪುರದ ಕಡೆಯ ಒಬ್ಬ ಹಿರಿಯ ರೈತರು ತಮ್ಮನಿಗೆ ಹೇಳಿದ ಮಾತು ಇಷ್ಟು: "ಬೆಳಕು ಕೊಟ್ಟು ಬೆಳೆಸು, ಕತ್ತಲು ಕೊಟ್ಟು ಅರಳಿಸು. ಎರಡನ್ನೂ ಬೆರೆಸಬೇಡ."

ಅವನು ಮನೆಗೆ ಬಂದು ಈ ಮಾತು ಹೇಳಿದಾಗ ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಏಕೆಂದರೆ ಇದೆಲ್ಲ ನನಗೆ ಗೊತ್ತಿತ್ತು! ನಾನು ಪಿಯುಸಿಯಲ್ಲಿ ವಿಜ್ಞಾನ ಓದಿದವಳು. ಹ್ರಸ್ವ ದಿನದ ಸಸ್ಯ ಎಂದರೇನು, ಉದಾಹರಣೆ ಕೊಡಿ ಎಂಬ ಎರಡು ಅಂಕದ ಪ್ರಶ್ನೆಗೆ "ಸೇವಂತಿಗೆ" ಎಂದು ಬರೆದು ಪೂರ್ತಿ ಅಂಕ ಪಡೆದವಳು. ತಮ್ಮ ಅದೇ ಸೇವಂತಿಗೆಯನ್ನು ನೆಟ್ಟು ಎರಡು ವರ್ಷ ಕಣ್ಣೀರು ಹಾಕುವಾಗ, ನನ್ನ ಉತ್ತರ ಪತ್ರಿಕೆಯ ಸೇವಂತಿಗೆಯೂ ಅವನ ಹೊಲದ ಸೇವಂತಿಗೆಯೂ ಒಂದೇ ಎಂದು ನನಗೆ ಹೊಳೆಯಲೇ ಇಲ್ಲ. ದೀಪದ ಬುಡದಲ್ಲಿ ಕತ್ತಲು ಎಂದು ಕನ್ನಡದಲ್ಲಿ ಹೇಳುತ್ತೇವೆ. ಚಿರಾಗ್ ತಲೇ ಅಂಧೇರಾ ಎಂದು ಉರ್ದುವಿನಲ್ಲಿ ಹೇಳುತ್ತೇವೆ. ಎರಡೂ ಗಾದೆಗಳನ್ನು ನಾನು ತರಗತಿಯಲ್ಲಿ ವಿಸ್ತರಿಸಿ ಬರೆಯಿಸಿದ್ದೇನೆ. ಅದರ ಅರ್ಥ ತಿಳಿದದ್ದು ಮಾತ್ರ ಅಂದು.

2018ರ ಅಕ್ಟೋಬರಿನ ನಡುವೆ ಮೂರನೆಯ ಬಾರಿ ನೆಟ್ಟೆವು. ನೆಟ್ಟೆವು ಎನ್ನುತ್ತೇನೆ, ಏಕೆಂದರೆ ಈ ಬಾರಿ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿತ್ತು. ನೆಟ್ಟ ಮೊದಲ ರಾತ್ರಿಯಿಂದಲೇ ದೀಪ. ಆದರೆ ಇಡೀ ರಾತ್ರಿಯಲ್ಲ, ರಾತ್ರಿ 10ರಿಂದ 2 ಗಂಟೆಯವರೆಗೆ ಮಾತ್ರ. ಬಲ್ಬು 9 ವ್ಯಾಟಿನ ಎಲ್‌ಇಡಿ. ಗಣಿತ ಇಷ್ಟಪಡುವ ಮಕ್ಕಳಿಗಾಗಿ ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ.

10 ಗುಂಟೆ ಎಂದರೆ ಸುಮಾರು 1000 ಚದರ ಮೀಟರ್. ಹತ್ತು ಚದರ ಮೀಟರಿಗೆ ಒಂದರಂತೆ 100 ಬಲ್ಬು. 9 ವ್ಯಾಟಿನ 100 ಬಲ್ಬು ಎಂದರೆ 900 ವ್ಯಾಟ್. 4 ಗಂಟೆಗೆ 3.6 ಯೂನಿಟ್, 30 ರಾತ್ರಿಗೆ 108 ಯೂನಿಟ್. ಅದೇ 100 ವ್ಯಾಟಿನ ಹಳೆಯ ಬಲ್ಬಾದರೆ 4 ಗಂಟೆಗೆ 40 ಯೂನಿಟ್, 30 ರಾತ್ರಿಗೆ 1200 ಯೂನಿಟ್. ಅದನ್ನೇ 12 ಗಂಟೆಯ ಇಡೀ ರಾತ್ರಿ ಉರಿಸಿದರೆ 3600 ಯೂನಿಟ್. 108 ಎಲ್ಲಿ, 3600 ಎಲ್ಲಿ! ಗಿಡಕ್ಕೆ ಸಿಗುವ ಸುದ್ದಿ ಮಾತ್ರ ಎರಡರಲ್ಲೂ ಒಂದೇ.

ನವೆಂಬರಿನಲ್ಲಿ ಒಂದು ಮೂಲೆಯ ಬಲ್ಬು ಸುಟ್ಟುಹೋದದ್ದನ್ನು ನಾವು ಹತ್ತು ಹನ್ನೆರಡು ದಿನ ಗಮನಿಸಲಿಲ್ಲ. ಆಮೇಲೆ ನೋಡಿದರೆ ಸರಿಯಾಗಿ ಅದರ ಕೆಳಗೆ, ಕಣದಷ್ಟು ಅಗಲದ ಜಾಗದಲ್ಲಿ, ಗಿಡಗಳು ಗಿಡ್ಡವಾಗಿ ಮೊಗ್ಗಿಗೆ ತಿರುಗಿದ್ದವು. ಸುತ್ತಲಿನವು ಎಲೆ ಬಿಡುತ್ತಿದ್ದವು. ಯಾವ ಪಠ್ಯಪುಸ್ತಕದ ಚಿತ್ರವೂ ಇಷ್ಟು ಸ್ಪಷ್ಟವಾಗಿ ಪಾಠ ಹೇಳಲಾರದು. ನಾನು ನನ್ನ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದೆ.

ಐದು ವಾರವಾದ ಮೇಲೆ, ಗಿಡಗಳಿಗೆ ಸಾಕಷ್ಟು ಎಲೆ ಬಂದಾಗ, ದೀಪಗಳನ್ನು ಪೂರ್ತಿ ಆರಿಸಿದೆವು. ತಮ್ಮನ ಕೈ ಸ್ವಿಚ್ಚಿನ ಮೇಲೆ ನಡುಗುತ್ತಿತ್ತು. ಮೊಗ್ಗು ಮೂಡಿದ ಮೇಲೂ ದಂಟು ಉದ್ದವಾಗುತ್ತ ಹೋಯಿತು. ಒಂಬತ್ತು ವಾರಗಳಲ್ಲಿ, 2019ರ ಜನವರಿ ಕೊನೆಗೆ, ಮದುವೆಗಳ ಕಾಲಕ್ಕೆ ಹೂ ಅರಳಿತು. ದೊಡ್ಡ ಲಾಭವೇನೂ ಆಗಲಿಲ್ಲ. ಆದರೆ ಕಂತು ಕಟ್ಟಿದೆವು. ಜೂನಿನಲ್ಲಿ ತಂಗಿ ಡಿಗ್ರಿಗೆ ಸೇರಿದಳು, ಎರಡು ವರ್ಷ ತಡವಾಗಿ. ಅವಳು ಈಗ ಬಿ.ಎಡ್. ಮುಗಿಸಿದ್ದಾಳೆ.

ಇಲ್ಲಿ ಕುಳಿತಿರುವ ರೈತ ಬಾಂಧವರಿಗೆ ನಾಲ್ಕು ಮಾತು ಹೇಳಬೇಕು.

ಮೊದಲನೆಯದು, ಈ ದೀಪದ ಲೆಕ್ಕ ಎಲ್ಲ ಹೂವಿಗೂ ಅಲ್ಲ. ಗುಲಾಬಿ ರಾತ್ರಿಯ ಉದ್ದ ನೋಡಿ ಹೂ ಬಿಡುವ ಗಿಡವಲ್ಲ. ನಮ್ಮ ಹೆಮ್ಮೆಯ ಹಡಗಲಿ ಮಲ್ಲಿಗೆಗೆ ಸೇವಂತಿಗೆಯ ಲೆಕ್ಕ ಹಾಕಬಾರದು. ಹಾಲೆಂಡಿನಲ್ಲಿ ಗುಲಾಬಿ ಹಸಿರುಮನೆಗಳಲ್ಲಿ ಭಾರಿ ದೀಪಗಳನ್ನು ಉರಿಸುವುದು ನಿಜ. ಅಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಗಿಂತ ಕಡಿಮೆ, ಅದೂ ಮೋಡದ ಹಗಲು. ಅವರು ದೀಪದಿಂದ ಗಿಡಕ್ಕೆ ಆಹಾರ ಕೊಡುತ್ತಾರೆ. ನಮಗೆ ಆ ಆಹಾರವನ್ನು ಸೂರ್ಯ ಪುಕ್ಕಟೆ ಕೊಡುತ್ತಿದ್ದಾನೆ. ಅಂಗಡಿಯವರು ತೋರಿಸುವ ದುಬಾರಿ ದೀಪಗಳಿಗೆ ಮರುಳಾಗುವ ಮೊದಲು, ಇದು ಆಹಾರಕ್ಕೋ ಸುದ್ದಿಗೋ ಎಂದು ಕೇಳಿ.

ಎರಡನೆಯದು, ಹಾಳೆಯ ಮೇಲಿನ ಧೂಳು. ನಮ್ಮ ಕಡೆ ಧೂಳು ಬಹಳ. ಧೂಳು ಕುಳಿತ ಪಾಲಿಥಿನ್ ಹಗಲಿನ ಬೆಳಕನ್ನು ತಡೆಯುತ್ತದೆ, ಎಲೆಗಳು ತೆಳುವಾಗುತ್ತವೆ. ಬಲ್ಬು ಕೊಳ್ಳುವ ಮೊದಲು ಮಾಡು ತೊಳೆಯಿರಿ.

ಮೂರನೆಯದು, ಕರೆಂಟು. ಒಂದು ರಾತ್ರಿ ದೀಪ ತಪ್ಪಿದರೆ ಗಾಬರಿ ಬೇಡ. ಒಂದೇ ಸಮನೆ ಹಲವು ರಾತ್ರಿ ತಪ್ಪಿದರೆ ಮೊಗ್ಗು ಆರಂಭವಾಗುತ್ತದೆ. ಕರೆಂಟು 10 ಗಂಟೆಗೆ ಬರದಿದ್ದರೆ ಬಂದಾಗ ಹಚ್ಚಿ. ಕತ್ತಲೆ ಒಂದೇ ಸಮನೆ ಬೆಳಗಿನವರೆಗೆ ಹರಿಯದಂತೆ ನೋಡಿಕೊಳ್ಳುವುದೇ ಉದ್ದೇಶ.

ನಾಲ್ಕನೆಯದು, ಆರಿಸಿದ ಮೇಲೆ ಪೂರ್ತಿ ಆರಿಸಿ. ಪಂಪ್‌ಹೌಸಿನ ದೀಪ, ಬೀದಿ ದೀಪ, ಪಕ್ಕದ ತೋಟದ ದೀಪ ಒಳಗೆ ಬೀಳುತ್ತಿದ್ದರೆ ಆ ಕಡೆಯ ಸಾಲು ತಡವಾಗುತ್ತದೆ. ಆ ಹುಡುಗಿಯ ಬಾಗಿಲ ಕುಂಡಕ್ಕೆ ಆದದ್ದು ಇದೇ. ಕುಂಡವನ್ನು ಹಿತ್ತಲಿಗೆ ಇಡಲು ಹೇಳಿದೆ. ಆ ಚಳಿಗಾಲ ಮುಗಿಯುವ ಮೊದಲು ಒಂದು ಹೂ ತಂದು ನನ್ನ ಮೇಜಿನ ಮೇಲಿಟ್ಟಳು.

ಪ್ರೀತಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ನಿಮ್ಮ ಮನೆಯಲ್ಲಿ ಮೊದಲ ಬಾರಿಗೆ ಹೈಸ್ಕೂಲು ಮೆಟ್ಟಿಲು ಹತ್ತಿದವರು. ನೀವು ಇಂದು ಓದುವ ಪಾಠದಲ್ಲಿ ನಿಮ್ಮ ತಂದೆಯ ಹೊಲಕ್ಕೆ, ತಾಯಿಯ ಹೊಲಿಗೆಗೆ, ಅಣ್ಣನ ಗ್ಯಾರೇಜಿಗೆ ಬೇಕಾದ ಉತ್ತರ ಇರಬಹುದು. ಅವರಿಗೆ ಅದು ಅಲ್ಲಿದೆ ಎಂದು ಗೊತ್ತಿಲ್ಲ. ನಿಮಗೆ ಅದು ಅವರಿಗೆ ಬೇಕಾಗಿದೆ ಎಂದು ಗೊತ್ತಿಲ್ಲ. ಈ ಎರಡು ಗೊತ್ತಿಲ್ಲಗಳ ನಡುವೆ ನನ್ನ ತಂಗಿಯ ಎರಡು ವರ್ಷ ಹೋಯಿತು. ಓದಿದ ಒಂದು ಪಾಠವನ್ನು ವಾರಕ್ಕೊಮ್ಮೆ ಮನೆಯಲ್ಲಿ, ಮನೆಯ ಭಾಷೆಯಲ್ಲಿ, ಉರ್ದುವಾಗಲಿ ಕನ್ನಡವಾಗಲಿ, ಊಟದ ಹೊತ್ತಿಗೆ ಹೇಳಿ. ಅವರು ನಕ್ಕರೂ ಹೇಳಿ.

ಸಂಸ್ಥೆಯ ಹಿರಿಯರಲ್ಲಿ ನನ್ನದೊಂದು ವಿನಂತಿ. ನಮ್ಮ ಶಾಲೆಯ ಅಂಗಳದಲ್ಲಿ ಈ ವರ್ಷ ಎರಡು ಸಾಲು ಸೇವಂತಿಗೆ ಕುಂಡ ಇಡೋಣ. ಒಂದು ಸಾಲಿನ ಮೇಲೆ ಒಂದು ಬಲ್ಬು, ಇನ್ನೊಂದಕ್ಕೆ ಕತ್ತಲು. ಪ್ರತಿ ಶನಿವಾರ ಮಕ್ಕಳು ಎಲೆ ಎಣಿಸಿ ಪುಸ್ತಕದಲ್ಲಿ ಬರೆಯಲಿ. ಖರ್ಚು ಕೆಲವು ಕುಂಡ, ಒಂದು ಬಲ್ಬು, ಒಂದು ನೋಟ್ ಪುಸ್ತಕ. ಮುಂದಿನ ವಾರ್ಷಿಕ ಸಭೆಯಲ್ಲಿ ನನ್ನ ಬದಲು ಆ ಮಕ್ಕಳಲ್ಲೇ ಒಬ್ಬರು ಇಲ್ಲಿ ನಿಂತು ಇದರ ಲೆಕ್ಕ ಹೇಳಲಿ.

ಸೇವಂತಿಗೆ ಗಿಡಕ್ಕೆ ಮೊದಲು ಎಲೆ ಬರಬೇಕು, ಆಮೇಲೆ ಹೂ. ಎಲೆ ಬರುವ ಕಾಲದಲ್ಲಿ ಯಾರೋ ರಾತ್ರಿ ಎದ್ದು ದೀಪ ಹಚ್ಚಬೇಕು. ನಮ್ಮ ಮಕ್ಕಳಿಗೆ ಈ ಸಂಸ್ಥೆ ಅಂತಹ ದೀಪ ಹಚ್ಚುತ್ತಾ ಬಂದಿದೆ. ಗೇಣುದ್ದ ಇರುವಾಗಲೇ ಮಗುವನ್ನು ಶಾಲೆ ಬಿಡಿಸಿ ದುಡಿಮೆಗೆ ಕಳಿಸಬೇಡಿ ಎಂದು ಪಾಲಕರಲ್ಲಿ ಕೈಮುಗಿದು ಕೇಳುತ್ತೇನೆ.